ಜಿಲ್ಲಾ ಆರೋಗ್ಯಾಧಿಕಾರಿಯ ಹುದ್ದೆಗೆ ಪ್ರತ್ಯೇಕ ವೃಂದ ಬೇಕೇ?

ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವೈದ್ಯಾಧಿಕಾರಿಯಾಗಿ ಸೇರಿದವರು ಸೇವಾ ಜ್ಯೇಷ್ಠತೆಯ ಮೇಲೆ ಬಡ್ತಿ ಪಡೆಯುತ್ತ ತಾಲ್ಲೂಕು ಆರೋಗ್ಯಾಧಿಕಾರಿ, ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿ, ಅದೃಷ್ಟವಿದ್ದರೆ ಮುಂದೆ ನಿರ್ದೇಶಕರೂ ಆಗುವುದು ಕರ್ನಾಟಕದ ಆರೋಗ್ಯ ಇಲಾಖೆಯಲ್ಲಿ ನಡೆದುಬಂದಿರುವ ರೂಢಿ. ಈ ದಾರಿಯಲ್ಲಿ ಶಸ್ತ್ರಚಿಕಿತ್ಸಕರೂ ಬಂದಿದ್ದಾರೆ, ಮಕ್ಕಳ ತಜ್ಞರೂ ಬಂದಿದ್ದಾರೆ, ಸಾರ್ವಜನಿಕ ಆರೋಗ್ಯವನ್ನೇ ಓದಿದವರೂ ಬಂದಿದ್ದಾರೆ. ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ಕಾರ್ಯಪಡೆ 2001ರಲ್ಲಿ ರಾಜ್ಯ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ಸಾರ್ವಜನಿಕ ಆರೋಗ್ಯದ ಕಡೆಗಣನೆಯನ್ನು ಮುಖ್ಯ ದೋಷಗಳಲ್ಲಿ ಒಂದೆಂದು ಎಣಿಸಿತ್ತು. 2017ರ ರಾಷ್ಟ್ರೀಯ ಆರೋಗ್ಯ ನೀತಿ ಪ್ರತಿ ರಾಜ್ಯವೂ ಸಾರ್ವಜನಿಕ ಆರೋಗ್ಯ ನಿರ್ವಹಣೆಗೆ ಪ್ರತ್ಯೇಕ ವೃಂದವನ್ನು, ಅಂದರೆ ತನ್ನದೇ ನೇಮಕಾತಿ ಮತ್ತು ಬಡ್ತಿಯ ಸಾಲುಳ್ಳ ಅಧಿಕಾರಿ ವರ್ಗವನ್ನು (ಕೇಡರ್), ರಚಿಸಬೇಕೆಂದಿತು. 2022ರಲ್ಲಿ ಕೇಂದ್ರ ಸರ್ಕಾರ ಅದಕ್ಕೆ ಮಾರ್ಗಸೂಚಿಯನ್ನೂ ಹೊರಡಿಸಿತು. ತಾಲ್ಲೂಕು ಮತ್ತು ಜಿಲ್ಲಾ ಮಟ್ಟದ ಈ ನಾಯಕತ್ವದ ಹುದ್ದೆಗಳನ್ನು, ಸಾರ್ವಜನಿಕ ಆರೋಗ್ಯದಲ್ಲಿ ತರಬೇತಾಗಿ ಅದನ್ನೇ ವೃತ್ತಿಯಾಗಿ ಆರಿಸಿಕೊಂಡವರಿಗೆ ಮಾತ್ರ ಮೀಸಲಿಡಬೇಕೇ ಎಂಬುದು ಇಲ್ಲಿಯ ಪ್ರಶ್ನೆ.

ಪರ

ಬಯಲುಸೀಮೆಯ ಒಂದು ಊರಿನಿಂದ ಬೆಳಿಗ್ಗೆ ಆಶಾ ಕಾರ್ಯಕರ್ತೆಯ ಕರೆ ಬರುತ್ತದೆ ಎಂದಿಟ್ಟುಕೊಳ್ಳಿ: ಒಂದೇ ಕೇರಿಯಲ್ಲಿ ಹಲವರಿಗೆ ವಾಂತಿ-ಭೇದಿ. ಚಿಕಿತ್ಸೆಯಲ್ಲಿ ಪಳಗಿದ ಅಧಿಕಾರಿ ಮೊದಲು ಮಾಡುವ ಕೆಲಸ ಶಾಲೆಯ ಕೋಣೆಯಲ್ಲಿ ತಾತ್ಕಾಲಿಕ ಚಿಕಿತ್ಸಾ ಕೇಂದ್ರ ತೆರೆದು, ಓಆರ್‌ಎಸ್ ಹಂಚಿಸಿ, ಸುಸ್ತಾದವರಿಗೆ ಸಲೈನ್ ಹಾಕಿಸುವುದು. ಅದು ಮಾಡಲೇಬೇಕಾದದ್ದು, ಅದರಿಂದ ಜೀವ ಉಳಿಯುತ್ತದೆ. ಆದರೆ ರೋಗಿಗಳನ್ನು ಹುಟ್ಟಿಸುತ್ತಿರುವ ನಲ್ಲಿ ಮರುದಿನವೂ ಅದೇ ನೀರನ್ನು ಬಿಡುತ್ತಿರುತ್ತದೆ.

ಕ್ಷೇತ್ರ ತನಿಖೆಯಲ್ಲಿ ತರಬೇತಾದವರು ಚಿಕಿತ್ಸೆಯ ಏರ್ಪಾಡಿನ ಜೊತೆಯಲ್ಲೇ ಒಂದು ಪಟ್ಟಿ ತೆರೆಯುತ್ತಾರೆ. ಪ್ರತಿಯೊಬ್ಬ ರೋಗಿಯ ವಯಸ್ಸು, ವಾಂತಿ ಶುರುವಾದ ದಿನ ಮತ್ತು ಹೊತ್ತು, ಮನೆಯ ಜಾಗ, ಕುಡಿದ ನೀರಿನ ಮೂಲ ಅದರಲ್ಲಿ ದಾಖಲಾಗುತ್ತವೆ. ಊರಿನ ನಕ್ಷೆಯ ಮೇಲೆ ಆ ಮನೆಗಳನ್ನು ಗುರುತಿಸಿದಾಗ ಯಾವ ಟ್ಯಾಂಕಿನ, ಯಾವ ಕೊಳವೆಯ ಕಡೆಗೆ ನಡೆಯಬೇಕೆಂಬುದು ತಿಳಿಯುತ್ತದೆ. ಆಮೇಲೆ ನೀರುಗಂಟಿಯನ್ನು ಕರೆದುಕೊಂಡು ಕೊಳವೆಯ ಗುಂಟ ನಡೆದರೆ, ಚರಂಡಿಯನ್ನು ದಾಟುವಲ್ಲಿ ಸಡಿಲಾದ ಜೋಡಣೆಯೋ, ಕೊಚ್ಚೆಯಲ್ಲಿ ಮುಳುಗಿದ ವಾಲ್ವ್ ಗುಂಡಿಯೋ ಸಿಗುವ ಸಾಧ್ಯತೆ ಹೆಚ್ಚು. ದಿನದಲ್ಲಿ ಕೆಲವೇ ತಾಸು ನೀರು ಬಿಡುವ ಊರುಗಳಲ್ಲಿ, ನೀರು ನಿಂತ ಮೇಲೆ ಕೊಳವೆಯ ಒತ್ತಡ ಇಳಿದು ಹೊರಗಿನ ಕೊಳಕು ಒಳಕ್ಕೆ ಎಳೆದುಕೊಳ್ಳುತ್ತದೆ. ಕ್ಲೋರಿನ್ ಪರೀಕ್ಷೆಯನ್ನು ಟ್ಯಾಂಕಿನ ಬುಡದಲ್ಲಿ ಮಾಡಿ ತೃಪ್ತರಾಗದೆ ಕೊನೆಯ ಮನೆಯ ನಲ್ಲಿಯಲ್ಲಿ ಮಾಡಬೇಕು ಎಂಬುದೂ, ಬಾಯಿ ತೆರೆದಿಟ್ಟ ಮೂಟೆಯಲ್ಲಿ ತಿಂಗಳುಗಟ್ಟಲೆ ಬಿದ್ದಿರುವ ಬ್ಲೀಚಿಂಗ್ ಪುಡಿಯಲ್ಲಿ ಸತ್ವ ಉಳಿದಿರುವುದಿಲ್ಲ ಎಂಬುದೂ ಇದೇ ವಿದ್ಯೆಯ ಭಾಗ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ವಾಂತಿ-ಭೇದಿಯಿಂದ ಸಾವುಗಳಾದಾಗ ಇಡೀ ರಾಜ್ಯದ ಕಣ್ಣು ಹೋದದ್ದು ಕುಡಿಯುವ ನೀರಿನ ಕಡೆಗೇ.

ಇಂಥ ಕೆಲಸವನ್ನು ವರ್ಷಗಟ್ಟಲೆ ಹೆರಿಗೆ ಮಾಡಿಸಿದವರು, ಮೂಳೆ ಜೋಡಿಸಿದವರು ಬಡ್ತಿ ಆದೇಶ ಬಂದ ದಿನದಿಂದ ತಾವಾಗಿಯೇ ಮಾಡಿಬಿಡುತ್ತಾರೆ ಎಂದು ನಂಬುವುದಾದರೆ, ಸಾರ್ವಜನಿಕ ಆರೋಗ್ಯವನ್ನು ಕಲಿಸುವ ಸಮುದಾಯ ವೈದ್ಯಶಾಸ್ತ್ರದ ಎಂ.ಡಿ. ಮುಗಿಸಿದವರನ್ನು ಶಸ್ತ್ರಚಿಕಿತ್ಸಾ ಕೊಠಡಿಗೆ ಕಳಿಸಲೂ ನಾವು ಹಿಂಜರಿಯಬಾರದು. ಹಾಗೆ ಯಾರೂ ಕಳಿಸುವುದಿಲ್ಲ, ಏಕೆಂದರೆ ಅಲ್ಲಿ ಆಗುವ ತಪ್ಪು ಅದೇ ಮೇಜಿನ ಮೇಲೆ ಕಾಣುತ್ತದೆ. ಜಿಲ್ಲಾ ಕಚೇರಿಯಲ್ಲಿ ಆಗುವ ತಪ್ಪು ಹತ್ತಾರು ಹಳ್ಳಿಗಳಲ್ಲಿ ಚೆದುರಿಹೋಗಿ ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಇದು ನಮ್ಮ ದೇಶಕ್ಕೆ ಹೊಸ ವಿಚಾರವೇನೂ ಅಲ್ಲ. ಕಲ್ಕತ್ತೆಯಲ್ಲಿ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ 1932ರಲ್ಲೇ ಸ್ಥಾಪನೆಯಾಯಿತು. 1939ರ ಮದ್ರಾಸ್ ಸಾರ್ವಜನಿಕ ಆರೋಗ್ಯ ಕಾಯ್ದೆ ಆಗ ಆ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ದಕ್ಷಿಣ ಕನ್ನಡಕ್ಕೂ ಬಳ್ಳಾರಿಗೂ ಅನ್ವಯಿಸುತ್ತಿತ್ತು. ತಮಿಳುನಾಡು ಆ ಪರಂಪರೆಯನ್ನು ಕೈಬಿಡಲಿಲ್ಲ. ಸಾರ್ವಜನಿಕ ಆರೋಗ್ಯಕ್ಕೆ ಬೇರೆಯೇ ನಿರ್ದೇಶನಾಲಯ, ಬೇರೆ ಅಧಿಕಾರಿ ಶ್ರೇಣಿ, ಬೇರೆ ಆಯವ್ಯಯವನ್ನು ಉಳಿಸಿಕೊಂಡಿತು. 2004ರ ಸುನಾಮಿಯ ನಂತರ ನಾಗಪಟ್ಟಣದಂಥ ಕಡೆ ಸಾವಿರಾರು ಜನ ಶಿಬಿರಗಳಲ್ಲಿ ಒತ್ತೊತ್ತಾಗಿ ಇದ್ದಾಗಲೂ ದೊಡ್ಡ ಸಾಂಕ್ರಾಮಿಕ ಹರಡದಂತೆ ನೋಡಿಕೊಂಡದ್ದರಲ್ಲಿ ಈ ವ್ಯವಸ್ಥೆಯ ಪಾಲು ದೊಡ್ಡದು. ಉಳಿದ ಬಹುಪಾಲು ರಾಜ್ಯಗಳಲ್ಲಿ ನಡೆದದ್ದು ವಿಲೀನ. 1967ರ ಜಂಗಲ್‌ವಾಲಾ ಸಮಿತಿ ಒಂದೇ ವೃಂದ, ಒಂದೇ ಜ್ಯೇಷ್ಠತಾ ಪಟ್ಟಿ ಇರಲಿ ಎಂದು ಶಿಫಾರಸು ಮಾಡಿದ್ದು ಒಳ್ಳೆಯ ಉದ್ದೇಶದಿಂದಲೇ. ಆದರೆ ಆಸ್ಪತ್ರೆ ಮತ್ತು ಕ್ಷೇತ್ರ ಒಂದೇ ಚಪ್ಪರದಡಿ ಬಂದಾಗ ಆಸ್ಪತ್ರೆಯೇ ಮೇಲುಗೈ ಪಡೆಯಿತು. ಇಲಾಖೆಗಳ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಯಲ್ಲಿ ಶಾಸಕರು ಕೇಳುವುದು ತಾಲ್ಲೂಕು ಆಸ್ಪತ್ರೆಗೆ ಅರಿವಳಿಕೆ ತಜ್ಞರು ಯಾವಾಗ ಬರುತ್ತಾರೆ, ಡಯಾಲಿಸಿಸ್ ಯಂತ್ರ ಯಾಕೆ ಕೆಟ್ಟಿದೆ ಎಂದು. ಬಾರದೇ ಹೋದ ಕಾಲರಾದ ಬಗ್ಗೆ ಸಭೆಯಲ್ಲಿ ಪ್ರಶ್ನೆ ಏಳುವುದಿಲ್ಲವಾದ್ದರಿಂದ, ಅದನ್ನು ತಡೆಯುವುದನ್ನೇ ಕೆಲಸವಾಗಿ ಉಳ್ಳ ಅಧಿಕಾರಿಯೊಬ್ಬರು ಬೇಕು.

ವೃತ್ತಿಯ ಪ್ರಶ್ನೆಯೂ ಇದೆ. ಸ್ನಾತಕೋತ್ತರ ಸೀಟು ಹಂಚಿಕೆಯಲ್ಲಿ ಸಮುದಾಯ ವೈದ್ಯಶಾಸ್ತ್ರ ಹೆಚ್ಚಿನವರ ಕೊನೆಯ ಆಯ್ಕೆ ಎಂಬುದು ವೈದ್ಯಕೀಯ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಅದನ್ನು ಓದಿದವರಲ್ಲಿ ಬಹಳಷ್ಟು ಮಂದಿ ವೈದ್ಯಕೀಯ ಕಾಲೇಜುಗಳ ಬೋಧಕರಾಗುತ್ತಾರೆ, ಮತ್ತೆ ಕೆಲವರು ಸರ್ಕಾರೇತರ ಸಂಸ್ಥೆಗಳಿಗೆ ಹೋಗುತ್ತಾರೆ. ಸರ್ಕಾರಿ ಸೇವೆಗೆ ಬಂದವರಿಗೆ ಅವರ ಓದಿಗೆ ತಕ್ಕ ಹುದ್ದೆ ಸಿಗುವುದೇ ಖಾತ್ರಿಯಿಲ್ಲ. ಜ್ಯೇಷ್ಠತೆಯೊಂದನ್ನೇ ಹಿಡಿದು ನಡೆದರೆ ಜಿಲ್ಲೆಯ ಹೊಣೆ ನಿವೃತ್ತಿಯ ಅಂಚಿನಲ್ಲಿ ಕೈಗೆ ಬರುತ್ತದೆ. ಜಿಲ್ಲೆಯ ನಾಡಿ ಸಿಗುವ ಹೊತ್ತಿಗೆ ಬೀಳ್ಕೊಡುಗೆಯ ಹಾರ ಸಿದ್ಧವಾಗಿರುತ್ತದೆ. ಮೂವತ್ತರ ಹರೆಯದಲ್ಲಿ ತಾಲ್ಲೂಕಿನ ಹೊಣೆ, ನಲವತ್ತರ ಆಸುಪಾಸಿನಲ್ಲಿ ಜಿಲ್ಲೆಯ ಹೊಣೆ ಎಂಬ ಭರವಸೆಯನ್ನು ಸರ್ಕಾರ ಲಿಖಿತವಾಗಿ, ವೃಂದ ಮತ್ತು ನೇಮಕಾತಿ ನಿಯಮಗಳಲ್ಲೇ ಕೊಡಲಿ. ಆಗ ಈ ವಿಷಯವನ್ನು ಮೊದಲ ಆಯ್ಕೆಯಾಗಿ ಓದುವವರು ಬರುತ್ತಾರೆ.

ವಿರೋಧ

ಚರಂಡಿ ದಾಟುವ ಕೊಳವೆಯ ಚಿತ್ರ ನಿಜವಾದದ್ದೇ. ಆದರೆ ಆ ಕೊಳವೆಯನ್ನು ಮೊದಲು ಕಾಣುವವರು ಜಿಲ್ಲಾ ಆರೋಗ್ಯಾಧಿಕಾರಿಯಲ್ಲ. ಆರೋಗ್ಯ ನಿರೀಕ್ಷಣಾಧಿಕಾರಿ, ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ, ಆಶಾ ಕಾರ್ಯಕರ್ತೆ ಇವರಿಗೆ ಅದು ಎಲ್ಲಿ ಸೋರುತ್ತದೆ ಎಂಬುದು ಎಷ್ಟೋ ಕಡೆ ಮೊದಲೇ ಗೊತ್ತಿರುತ್ತದೆ. ನೀರಿನ ಮಾದರಿ ತೆಗೆದ ಸಣ್ಣ ಶೀಶೆ ಕಪ್ಪಗೆ ತಿರುಗಿದ್ದನ್ನು ಅವರು ನೋಡಿರುತ್ತಾರೆ, ‘ಕುಡಿಯಲು ಯೋಗ್ಯವಲ್ಲ’ ಎಂಬ ವರದಿಯನ್ನು ಪಂಚಾಯಿತಿಗೆ ಕೊಟ್ಟಿರುತ್ತಾರೆ, ಪಿಡಿಒ ಅದಕ್ಕೆ ಸ್ವೀಕೃತಿಯ ಸಹಿಯನ್ನೂ ಹಾಕಿರುತ್ತಾರೆ. ಕೊಳವೆ ಪಂಚಾಯಿತಿಯದು, ಯೋಜನೆ ಕುಡಿಯುವ ನೀರು ಸರಬರಾಜು ಇಲಾಖೆಯದು, ಹಣ ಮತ್ತೊಂದು ಲೆಕ್ಕಶೀರ್ಷಿಕೆಯದು. ಹೀಗಿರುವಾಗ ಜಿಲ್ಲಾ ಆರೋಗ್ಯಾಧಿಕಾರಿ ಯಾವ ಪದವಿ ಪಡೆದವರಾದರೂ ಅವರ ಕೈಯಲ್ಲಿ ಉಳಿಯುವುದು ಇನ್ನೊಂದು ಪತ್ರ ಬರೆಯುವ ಅಧಿಕಾರ ಮಾತ್ರ. ತಮಿಳುನಾಡಿನ ಯಶಸ್ಸನ್ನು ವೃಂದದ ಯಶಸ್ಸೆಂದು ಹೇಳುವವರು, ಅಲ್ಲಿ ವೃಂದದ ಬೆನ್ನಿಗೆ ಒಂದು ಕಾಯ್ದೆಯೂ ಪ್ರತ್ಯೇಕ ಹಣವೂ ಇದ್ದವೆಂಬುದನ್ನು ತಾವೇ ಹೇಳಿ ತಾವೇ ದಾಟಿಹೋಗುತ್ತಾರೆ.

ಪಕ್ಕದ ಕೇರಳದಲ್ಲಿ ತಮಿಳುನಾಡಿನ ಮಾದರಿಯ ಪ್ರತ್ಯೇಕ ಸಾರ್ವಜನಿಕ ಆರೋಗ್ಯ ನಿರ್ದೇಶನಾಲಯ ಇಲ್ಲ. ಆಸ್ಪತ್ರೆಯೂ ಕ್ಷೇತ್ರವೂ ಒಂದೇ ನಿರ್ದೇಶನಾಲಯದಲ್ಲಿವೆ. 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡಿನಲ್ಲಿ ನಿಫಾ ಕಾಣಿಸಿಕೊಂಡಾಗ ಅದನ್ನು ಶಂಕಿಸಿದವರು ಒಂದು ಖಾಸಗಿ ಆಸ್ಪತ್ರೆಯ ವೈದ್ಯರು. ಒಂದೇ ಮನೆಯವರ ಜ್ವರ ಮತ್ತು ಮೆದುಳಿನ ಉರಿಯೂತದ ಲಕ್ಷಣಗಳನ್ನು ಹಾಸಿಗೆಯ ಪಕ್ಕದಲ್ಲಿ ನಿಂತು ಗಮನಿಸಿ ಮಾದರಿಯನ್ನು ಪರೀಕ್ಷೆಗೆ ಕಳಿಸಿದ್ದರಿಂದಲೇ ಸಂಪರ್ಕಿತರ ಹುಡುಕಾಟ ಬೇಗ ಶುರುವಾಯಿತು. ನಮ್ಮ ಮಲೆನಾಡಿನ ಅನುಭವವೂ ಇದಕ್ಕೆ ಹತ್ತಿರವಾದದ್ದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ, ಸುತ್ತಲಿನ ಊರುಗಳ ಜ್ವರದ ರೋಗಿಗಳನ್ನೂ ಕಾಡಿನ ಸಾವನ್ನೂ ಜೋಡಿಸಿ ನೋಡಿದ್ದರಿಂದ ಮಂಗನ ಕಾಯಿಲೆ ಪತ್ತೆಯಾಯಿತು. ಇಂದಿಗೂ ಸಾಗರ, ತೀರ್ಥಹಳ್ಳಿಗಳ ಕಡೆ ಅಡಿಕೆ ತೋಟದಿಂದಲೋ ಸೊಪ್ಪಿನ ಬೆಟ್ಟದಿಂದಲೋ ಬಂದ ಜ್ವರದ ರೋಗಿಯ ರಕ್ತದ ಮಾದರಿ ಕಳಿಸುವವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು. ಈ ರೋಗ ಹರಡುವ ಉಣುಗು ಹತ್ತದಂತೆ ಮೈಗೆ ಹಚ್ಚುವ ತೈಲವನ್ನು ಹಂಚಿಸುವುದೂ ಅದೇ ಕೇಂದ್ರ. ರೋಗಿ ಗಂಭೀರನಾದರೆ ಮಣಿಪಾಲಕ್ಕೆ ಹೋಗಲು ಆಂಬುಲೆನ್ಸ್ ಹೊಂದಿಸುವುದೂ ಅದೇ. ಇವುಗಳಲ್ಲಿ ಯಾವುದು ಚಿಕಿತ್ಸೆ, ಯಾವುದು ಸಾರ್ವಜನಿಕ ಆರೋಗ್ಯ ಎಂದು ಗೆರೆ ಎಳೆದು, ಗೆರೆಯ ಎರಡು ಬದಿಗೆ ಇಬ್ಬರು ಮೇಲಧಿಕಾರಿಗಳನ್ನು ಕೂರಿಸಿದರೆ, ಆ ವೈದ್ಯರ ದಿನದ ಅರ್ಧ ಭಾಗ ಇಬ್ಬರ ಪತ್ರಗಳಿಗೆ ಉತ್ತರಿಸುವುದರಲ್ಲೇ ಕಳೆಯುತ್ತದೆ.

ಆಡಳಿತದ ಲೆಕ್ಕವನ್ನೂ ನೋಡಬೇಕು. ರಾಜ್ಯದಲ್ಲಿರುವುದು 31 ಜಿಲ್ಲೆಗಳು. ಸಣ್ಣ ವೃಂದದಲ್ಲಿ ಮೇಲಿನ ಹುದ್ದೆಗಳು ಕಡಿಮೆ, ಕೋರ್ಟಿಗೆ ಹೋಗುವ ಜ್ಯೇಷ್ಠತಾ ವ್ಯಾಜ್ಯಗಳು ಹೆಚ್ಚು. ವ್ಯಾಜ್ಯ ಮುಗಿಯುವವರೆಗೆ ಹುದ್ದೆ ಖಾಲಿ ಬಿದ್ದಿರುತ್ತದೆ, ಖಾಲಿ ಹುದ್ದೆಗೆ ಯಾರನ್ನಾದರೂ ಪ್ರಭಾರ ಹಾಕುತ್ತಾರೆ. ಆಗ ಮತ್ತದೇ ಮೂಳೆ ತಜ್ಞರು ಅದೇ ಕುರ್ಚಿಯಲ್ಲಿ, ಈ ಸಲ ಪೂರ್ಣ ಅಧಿಕಾರವೂ ಇಲ್ಲದೆ, ಕೂತಿರುತ್ತಾರೆ. ಪದವಿಯೇ ಬಡ್ತಿಯ ಕೀಲಿಕೈಯಾದರೆ ಆ ಪದವಿಯನ್ನು ಬಡ್ತಿಗಾಗಿಯೇ ಸಂಪಾದಿಸುವವರೂ ಬರುತ್ತಾರೆ. ಸರ್ಕಾರಿ ಸೇವೆಯ ಒಳಹೊರಗನ್ನು ಬಲ್ಲ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾಯಕತ್ವವನ್ನು ಪ್ರಮಾಣಪತ್ರದಿಂದ ಅಳೆಯುವುದರ ಮಿತಿಗೆ ಸೂರತ್ ನಗರವೇ ಸಾಕ್ಷಿ. 1994ರ ಪ್ಲೇಗಿನಿಂದ ಜನ ಊರು ಬಿಟ್ಟು ಓಡಿದ ಆ ನಗರವನ್ನು ಮುಂದಿನ ಎರಡು ವರ್ಷಗಳಲ್ಲಿ ದೇಶದ ಸ್ವಚ್ಛ ನಗರಗಳ ಸಾಲಿಗೆ ತಂದ ಪೌರ ಆಯುಕ್ತ ಎಸ್.ಆರ್. ರಾವ್ ವೈದ್ಯರಲ್ಲ, ಐಎಎಸ್ ಅಧಿಕಾರಿ. ಅವರು ತಮ್ಮ ಅಧಿಕಾರಿಗಳನ್ನು ದಿನವೂ ಕಚೇರಿಯಿಂದ ಬೀದಿಗೆ ಇಳಿಸಿದರು, ಕೆಳಗಿನವರಿಗೆ ಸ್ಥಳದಲ್ಲೇ ತೀರ್ಮಾನಿಸುವ ಅಧಿಕಾರ ಕೊಟ್ಟರು, ಪ್ರಭಾವಿಗಳ ಅಕ್ರಮ ಕಟ್ಟಡಗಳನ್ನೂ ಬಿಡದೆ ಕೆಡವಿಸಿದರು. ಅವರ ಕೈಯಲ್ಲಿ ಅಧಿಕಾರವೂ ಇತ್ತು, ಅದನ್ನು ಬಳಸುವ ಧೈರ್ಯವೂ ಇತ್ತು.

ತರಬೇತಿ ಬೇಡವೆಂದು ಇಲ್ಲಿ ಯಾರೂ ವಾದಿಸುತ್ತಿಲ್ಲ. ಸೇವೆಯಲ್ಲಿರುವ ಅಧಿಕಾರಿಗಳನ್ನು ಕ್ಷೇತ್ರ ತನಿಖೆಗೆ ಹಚ್ಚಿ ಕಲಿಸುವ ಎರಡು ವರ್ಷದ ಕಾರ್ಯಕ್ರಮವೊಂದನ್ನು ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರವು 2012ರಿಂದ ನಡೆಸುತ್ತಿದೆ. ಅಂಥ ತರಬೇತಿಯನ್ನು ಎಲ್ಲ ವೈದ್ಯಾಧಿಕಾರಿಗಳಿಗೆ ತೆರೆದಿಟ್ಟು, ಅದನ್ನು ಮುಗಿಸಿದವರ ಪೈಕಿ ಕ್ಷೇತ್ರದಲ್ಲಿ ಕೆಲಸ ಮಾಡಿ ತೋರಿಸಿದವರನ್ನು ಆಯ್ದು, ನಡುವೆ ವರ್ಗಾವಣೆಯ ಕಾಟವಿಲ್ಲದ ನಿಶ್ಚಿತ ಅವಧಿಗೆ ಜಿಲ್ಲೆಗೆ ನೇಮಿಸಲು ಹೊಸ ವೃಂದವೇನೂ ಬೇಕಾಗಿಲ್ಲ. ಜ್ಯೇಷ್ಠತೆಯ ಹಟವನ್ನು ಸ್ವಲ್ಪ ಸಡಿಲಿಸಿದರೆ ಸಾಕು. ಜಿಲ್ಲೆಯ ಹೊಣೆ ಅಂಚಿನ ವಯಸ್ಸಿನಲ್ಲಿ ಬರುತ್ತದೆ ಎಂಬ ಪರವಾದಿಗಳ ದೂರು ನ್ಯಾಯವಾದದ್ದು, ಅದಕ್ಕೂ ಪರಿಹಾರ ಇಲ್ಲಿಯೇ ಇದೆ.

ಕೊನೆಯದಾಗಿ ಒಂದು ಆಕ್ಷೇಪವಿದೆ, ನನ್ನ ಮಟ್ಟಿಗೆ ಇದೇ ಹೆಚ್ಚು ತೂಕದ್ದು. 2017ರ ನೀತಿ ಈ ವೃಂದಕ್ಕೆ ಬಹುಶಾಸ್ತ್ರೀಯ ಹಿನ್ನೆಲೆಯವರು ಬರಲಿ ಎಂದಿತ್ತು. ಶುಶ್ರೂಷೆ, ಸಮಾಜಶಾಸ್ತ್ರ, ಅರ್ಥಶಾಸ್ತ್ರ ಓದಿದವರಿಗೂ ಅದರಲ್ಲಿ ಜಾಗವಿತ್ತು. ನಮ್ಮಲ್ಲಿ ನಡೆಯುವ ಚರ್ಚೆ ಮಾತ್ರ ಎಂಬಿಬಿಎಸ್ ಆದವರಲ್ಲಿ ಯಾವ ಗುಂಪಿಗೆ ಕುರ್ಚಿ ಎಂಬಲ್ಲಿಗೆ ಕುಗ್ಗಿದೆ. ಒಂದೇ ಉಪಕೇಂದ್ರದ ಊರುಗಳನ್ನು ವರ್ಷಗಟ್ಟಲೆ ಕಾಲ್ನಡಿಗೆಯಲ್ಲಿ ಸುತ್ತಿ, ಲಸಿಕೆಯ ಪೆಟ್ಟಿಗೆ ಹೊತ್ತು, ಕ್ಷಯರೋಗಿ ಮಾತ್ರೆ ಬಿಡದಂತೆ ಕಾದ ಸುರಕ್ಷಾಧಿಕಾರಿಯ ಬಡ್ತಿ ಹಿರಿಯ ಮೇಲ್ವಿಚಾರಕಿಯ ಹುದ್ದೆಯ ಆಸುಪಾಸಿನಲ್ಲೇ ನಿಂತುಹೋಗುತ್ತದೆ. ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದ, ಆದರೆ ವೈದ್ಯರಲ್ಲದ ಯುವಕ ಯುವತಿಯರು ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ವರ್ಷ ವರ್ಷವೂ ನವೀಕರಣಕ್ಕೆ ಕಾಯುವ ಗುತ್ತಿಗೆ ನೌಕರರಾಗಿದ್ದಾರೆ. ವೃಂದದ ಪ್ರಸ್ತಾವ ತರುವವರು ಇವರಿಬ್ಬರಲ್ಲಿ ಒಬ್ಬರಾದರೂ ಮುಂದೊಂದು ದಿನ ತಾಲ್ಲೂಕಿನ ಹೊಣೆ ಹೊರಲು ಯಾವ ನಿಯಮದಡಿ ಸಾಧ್ಯವಾಗುತ್ತದೆಂದು ಕರಡಿನಲ್ಲೇ ಬರೆದು ತರಲಿ. ಅದನ್ನು ನೋಡಿದ ಮೇಲೆ ಈ ವಿರೋಧವನ್ನು ಮರುಪರಿಶೀಲಿಸಬಹುದು.