ಬಾಗಿಲು ಮುಚ್ಚಿದ್ದ ದಿನಗಳಲ್ಲಿ ಸಾಂತಾ ಮಾರ್ತಾ

ಕೊಲಂಬಿಯಾದ ಕೆರಿಬಿಯನ್ ಕರಾವಳಿಯಲ್ಲಿರುವ ಸಾಂತಾ ಮಾರ್ತಾ ನಗರಕ್ಕೆ ನಾನೂ ನನ್ನ ಪತ್ನಿಯೂ ಹೋಗಿ ಇಳಿದದ್ದು ಫೆಬ್ರವರಿಯ ಮೊದಲ ವಾರದಲ್ಲಿ. ನಗರದ ಪೂರ್ವಕ್ಕೆ ಹಬ್ಬಿರುವ ತೈರೋನಾ ರಾಷ್ಟ್ರೀಯ ಉದ್ಯಾನವನ್ನು ನೋಡುವುದೇ ಆ ಪ್ರಯಾಣದ ಮುಖ್ಯ ಉದ್ದೇಶವಾಗಿತ್ತು. ನಮ್ಮ ಚೀಲಗಳನ್ನು ಒಳಗಿಡಿಸುತ್ತಿದ್ದ ವಸತಿಗೃಹದ ಯಜಮಾನಿ, ಉದ್ಯಾನವು ಹದಿನೈದನೆಯ ತಾರೀಖಿನವರೆಗೆ ಮುಚ್ಚಿರುತ್ತದೆ ಎಂದು ತಿಳಿಸಿದರು. ಪ್ರವಾಸವನ್ನು ಏರ್ಪಡಿಸಿಕೊಟ್ಟವರು ಈ ವಿಷಯವನ್ನು ನಮಗೆ ಹೇಳಿರಲಿಲ್ಲ. ಇಷ್ಟು ದೂರ ಬಂದು, ಇಷ್ಟು ಹಣ ಖರ್ಚು ಮಾಡಿ, ಗೇಟಿನಿಂದಲೇ ಹಿಂದಿರುಗಬೇಕೇ ಎಂದು ನನಗೆ ಸಿಟ್ಟು ಬಂದದ್ದು ನಿಜ. ಆ ಸಿಟ್ಟು ಹತ್ತು ದಿನಗಳಲ್ಲಿ ಹೇಗೆ ಕರಗಿತು, ಆ ಊರಿನಲ್ಲಿ ನಾನು ಕಂಡ ಎಲ್ಲಕ್ಕಿಂತ ಆ ಮುಚ್ಚಿದ ಗೇಟೇ ದೊಡ್ಡದೆಂದು ಈಗ ಏಕೆ ಅನ್ನಿಸುತ್ತಿದೆ ಎಂಬುದನ್ನು ಹೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಉದ್ಯಾನ ಮುಚ್ಚಿದ್ದಕ್ಕೆ ದುರಸ್ತಿಯಾಗಲಿ ಮುಷ್ಕರವಾಗಲಿ ಕಾರಣವಾಗಿರಲಿಲ್ಲ. 1964ರಲ್ಲಿ ಘೋಷಣೆಯಾದ, ಕಾಡು ಮತ್ತು ಕಡಲು ಎರಡೂ ಸೇರಿ ಸುಮಾರು 15,000 ಹೆಕ್ಟೇರ್ ವಿಸ್ತಾರವಿರುವ ಈ ಉದ್ಯಾನವನ್ನು ವರ್ಷಕ್ಕೆ ಮೂರು ಬಾರಿ, ಅಂದರೆ ಫೆಬ್ರವರಿಯ ಮೊದಲ ಹದಿನೈದು ದಿನ, ಜೂನ್ ತಿಂಗಳ ಮೊದಲ ಹದಿನೈದು ದಿನ, ಮತ್ತೆ ಅಕ್ಟೋಬರ್ ಕೊನೆಯಿಂದ ನವೆಂಬರ್ ಆರಂಭದವರೆಗೆ, ಪ್ರವಾಸಿಗರಿಗೆ ಮುಚ್ಚಲಾಗುತ್ತದೆ. ಹೀಗೆ ಮಾಡಬೇಕೆಂದು ಕೇಳಿದವರು ಅಲ್ಲಿನ ಪರ್ವತವಾಸಿಗಳಾದ ಕೋಗಿ, ಅರುವಾಕೋ, ವಿವಾ ಮತ್ತು ಕಾನ್‌ಕ್ವಾಮೋ ಎಂಬ ನಾಲ್ಕು ಮೂಲನಿವಾಸಿ ಸಮುದಾಯಗಳವರು. ಭೂಮಿಗೂ ಉಸಿರಾಡಲು ಬಿಡುವು ಬೇಕು ಎಂಬುದು ಅವರ ಮಾತು. ಮಾಮೋ ಎಂದು ಕರೆಯಲಾಗುವ ಅವರ ಅರ್ಚಕರು ಬೆಟ್ಟದಿಂದ ಇಳಿದು ಬಂದು, ಭೂಮಿಯಿಂದ ಪಡೆದದ್ದಕ್ಕೆ ಪ್ರತಿಯಾಗಿ ಭೂಮಿಗೆ ಸಲ್ಲಿಸುವ ಅರ್ಪಣೆಗಳನ್ನು ಈ ಸ್ಥಳಗಳಲ್ಲಿ ಮಾಡುತ್ತಾರೆ. ಅದೇ ಹೊತ್ತಿಗೆ ತುಳಿದು ಸವೆದ ಕಾಡಿನ ದಾರಿಗಳಿಗೆ, ಕಡಲಂಚಿಗೆ, ಪ್ರಾಣಿಗಳಿಗೆ ವಿರಾಮ ಸಿಗುತ್ತದೆ.

ಇದನ್ನು ಅರ್ಥಮಾಡಿಕೊಳ್ಳಬೇಕಾದರೆ ಆ ಊರಿನ ನೆಲದ ರಚನೆಯನ್ನು ಕಣ್ಣಾರೆ ಕಾಣಬೇಕು. ಮರುದಿನ ಬೆಳಕು ಹರಿಯುವ ಹೊತ್ತಿಗೆ ನಾವು ತಾರಸಿಯ ಮೇಲೆ ನಿಂತಿದ್ದೆವು. ಮುಂದೆ ಕೊಲ್ಲಿಯ ನೀರು, ಹಿಂದೆ ಕಂದುಬಣ್ಣದ ಕುರುಚಲು ಗುಡ್ಡಗಳು, ಅವುಗಳ ಆಚೆ ಹಿಮದ ಒಂದು ತೆಳು ಬಿಳಿ ಗೆರೆ. ಸಿಯೆರ್ರಾ ನೆವಾದಾ ದೆ ಸಾಂತಾ ಮಾರ್ತಾ ಎಂಬ ಈ ಪರ್ವತ ಆಂಡೀಸ್ ಸಾಲಿಗೆ ಸೇರದೆ ಒಂಟಿಯಾಗಿ ನಿಂತಿದೆ. ಕಡಲಿನಿಂದ ಸುಮಾರು 42 ಕಿಲೋಮೀಟರ್ ದೂರದಲ್ಲೇ ಅದರ ಶಿಖರಗಳು ಸುಮಾರು 5,700 ಮೀಟರ್ ಎತ್ತರಕ್ಕೆ ಏರುತ್ತವೆ. ಜಗತ್ತಿನಲ್ಲಿ ಕಡಲಿಗೆ ಇಷ್ಟು ಹತ್ತಿರ ಇಷ್ಟು ಎತ್ತರದ ಪರ್ವತಶ್ರೇಣಿ ಇನ್ನೊಂದಿಲ್ಲ. ಹವಳದ ದಿಬ್ಬ, ಒಣಕಾಡು, ಮಳೆಕಾಡು, ಮಂಜಿನ ಕಾಡು, ಎತ್ತರದ ಹುಲ್ಲುಗಾವಲು, ಹಿಮ ಎಲ್ಲವೂ ಒಂದೇ ಇಳಿಜಾರಿನಲ್ಲಿ ಒಂದರ ಮೇಲೊಂದು ಕುಳಿತಿವೆ. ಬೇರೆಲ್ಲೂ ಕಾಣದ ಹಕ್ಕಿಗಳು ಇಲ್ಲಿವೆ. 1979ರಲ್ಲಿ ಯುನೆಸ್ಕೋ ಈ ಪರ್ವತವನ್ನು ಜೀವಗೋಳ ಮೀಸಲು ಪ್ರದೇಶವೆಂದು ಗುರುತಿಸಿತು. ಬಿಸಿಲು ಏರುತ್ತಿದ್ದಂತೆ ಮೋಡ ಕವಿದು ಹಿಮದ ಗೆರೆ ಮರೆಯಾಯಿತು, ಗಾಳಿ ಎದ್ದಿತು. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಬೀಸುವ ಈ ಜೋರು ಗಾಳಿಗೆ ಊರವರು ‘ಲಾ ಲೋಕಾ’, ಅಂದರೆ ಹುಚ್ಚಿ, ಎಂದು ಹೆಸರಿಟ್ಟಿದ್ದಾರೆ. ಅದು ಮೇಲ್ಮೈಯ ನೀರನ್ನು ದಡದಿಂದ ಆಚೆ ತಳ್ಳುವುದರಿಂದ ಆಳದ ತಣ್ಣನೆಯ, ಸಾರವತ್ತಾದ ನೀರು ಮೇಲೇಳುತ್ತದೆ. ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಿ ನಡೆಯುವುದೂ, ಬೂತಾಯಿ ಬಂಗುಡೆಗಳಿಗೆ ಮೇವು ಒದಗಿಸುವುದೂ ಇಂಥದೇ ಕ್ರಿಯೆ.

ಕೋಗಿಯವರ ದೃಷ್ಟಿಯಲ್ಲಿ ಹಿಮವೂ ಕಡಲೂ ಒಂದೇ ದೇಹದ ಎರಡು ತುದಿಗಳು. ಈ ನಂಬಿಕೆಗೆ ಅವರ ದಿನನಿತ್ಯದ ಬದುಕಿನಲ್ಲಿ ಒಂದು ಸ್ಪಷ್ಟವಾದ ಸಾಕ್ಷ್ಯವಿದೆ. ವಯಸ್ಸಿಗೆ ಬಂದ ಪ್ರತಿಯೊಬ್ಬ ಗಂಡಸಿನ ಕೈಯಲ್ಲಿ ಪೊಪೊರೋ ಎಂಬ ಸಣ್ಣ ಸೋರೆಬುರುಡೆ ಇರುತ್ತದೆ. ಅದರೊಳಗೆ ಕಡಲ ಚಿಪ್ಪನ್ನು ಸುಟ್ಟು ಪುಡಿಮಾಡಿದ ಸುಣ್ಣವಿರುತ್ತದೆ. ಕೋಕಾ ಎಲೆಯನ್ನು ಜಗಿಯುವಾಗ ಕಡ್ಡಿಯಿಂದ ಆ ಸುಣ್ಣವನ್ನು ಸ್ವಲ್ಪಸ್ವಲ್ಪವೇ ತೆಗೆದು ಬಾಯಿಗಿಡುತ್ತಾರೆ. ಎಲೆ ಬೆಟ್ಟದ್ದು, ಸುಣ್ಣ ಕಡಲಿನದ್ದು. ಆದ್ದರಿಂದ ಕಡಲತೀರಕ್ಕೆ ಇಳಿದು ಬರುವ ದಾರಿ ಅವರಿಗೆ ಮುಚ್ಚಿಹೋದರೆ ಬೆಟ್ಟದ ಮೇಲಿನ ಆಚಾರವೇ ನಿಂತುಹೋಗುತ್ತದೆ. ಮರುವಾಯಿ ಚಿಪ್ಪನ್ನು ಸುಟ್ಟ ಸುಣ್ಣವನ್ನು ವೀಳ್ಯದೆಲೆಗೆ ಹಚ್ಚುತ್ತಿದ್ದ ಅಜ್ಜಿಯ ಮಡಿಲಲ್ಲಿ ಬೆಳೆದ ನನಗೆ ಇದು ವಸ್ತುಸಂಗ್ರಹಾಲಯದ ಕೌತುಕವಾಗಿ ಕಾಣಲಿಲ್ಲ. ಪರ್ವತದ ಬುಡದ ಸುತ್ತಲೂ ಹಾದುಹೋಗುವ ಪವಿತ್ರ ತಾಣಗಳ ಸರಪಣಿಯನ್ನು ಅವರು ‘ಕಪ್ಪು ಗೆರೆ’ ಎನ್ನುತ್ತಾರೆ. 2018ರಲ್ಲಿ ಕೊಲಂಬಿಯಾ ಸರ್ಕಾರ ಹೊರಡಿಸಿದ ಆದೇಶವೊಂದು ಅಂಥ 348 ತಾಣಗಳನ್ನು ಪಟ್ಟಿಮಾಡಿತು. ಅವುಗಳಲ್ಲಿ ನದೀಮುಖಗಳಿವೆ, ಕಡಲಿನ ಬಂಡೆಗಳಿವೆ, ಈಗ ಹೋಟೆಲು ಬಂದರುಗಳಿಂದ ತುಂಬಿದ ಜಾಗಗಳೂ ಇವೆ.

ನನ್ನ ಸಿಟ್ಟು ಸಂಪೂರ್ಣ ಇಳಿದದ್ದು ಊರಿನಿಂದ ಬಂದ ಒಂದು ದೂರವಾಣಿ ಕರೆಯಿಂದ. ಉಡುಪಿ ಸಮೀಪದ ಮನೆಯಿಂದ ಮಾತನಾಡುತ್ತಿದ್ದ ಅಮ್ಮ, ತೆಂಗಿನ ಸಸಿ ನೆಡಲು ಗುಂಡಿ ತೋಡುವುದಕ್ಕೆ ಬಂದಿದ್ದ ಆಳನ್ನು ಹಿಂದಕ್ಕೆ ಕಳುಹಿಸಿದ್ದಾಗಿ ಹೇಳಿದರು. ‘ಕೆಡ್ಡಸ ಅಲ್ವಾ ಮಗಾ, ಮೂರು ದಿನ ಮಣ್ಣು ಮುಟ್ಟುವ ಹಾಗಿಲ್ಲ’ ಎಂದರು. ತುಳುವರ ಪೊನ್ನಿ ತಿಂಗಳ ಕೊನೆಯಲ್ಲಿ, ಫೆಬ್ರವರಿಯ ಎರಡನೆಯ ವಾರದ ಸುಮಾರಿಗೆ ಬರುವ ಈ ಆಚರಣೆಯಲ್ಲಿ ಭೂಮಿತಾಯಿ ಮುಟ್ಟಾಗಿದ್ದಾಳೆಂದು ಭಾವಿಸಿ ಅಗೆಯುವುದು, ಉಳುವುದು, ಹಸಿಮರ ಕಡಿಯುವುದು ಎಲ್ಲವನ್ನೂ ನಿಲ್ಲಿಸುತ್ತಾರೆ. ಹುರಿದ ಅಕ್ಕಿಯ ಹಿಟ್ಟಿಗೆ ಬೆಲ್ಲ, ತೆಂಗಿನಕಾಯಿ ಬೆರೆಸಿ ಬಡಿಸುತ್ತಾರೆ, ಕೊನೆಯ ದಿನ ಅವಳ ಸ್ನಾನಕ್ಕೆಂದು ಎಣ್ಣೆ, ಸೀಗೆ ಇಡುತ್ತಾರೆ. (ಅದೇ ದಿನಗಳಲ್ಲಿ ಗಂಡಸರು ಬೇಟೆಗೆ ಹೋಗುವ ರೂಢಿಯೂ ಇತ್ತೆಂಬುದನ್ನು ಮರೆಮಾಚಬಾರದು. ನಮ್ಮ ಹಿರಿಯರನ್ನು ಪರಿಸರವಾದಿಗಳೆಂದು ಚಿತ್ರಿಸುವ ಆತುರ ನನಗಿಲ್ಲ.) ಭೂಗೋಳದ ಆಚೆ ಬದಿಯ ಒಂದು ಜನಾಂಗ, ನಮ್ಮೊಡನೆ ಯಾವ ಸಂಪರ್ಕವೂ ಇಲ್ಲದೆ, ನೆಲಕ್ಕೂ ವಿರಾಮ ಬೇಕೆಂಬ ಅದೇ ತಿಳಿವಳಿಕೆಗೆ ಬಂದಿದೆ. ಆ ವರ್ಷ ಎರಡೂ ಆಚರಣೆಗಳು ನನ್ನ ಪಾಲಿಗೆ ಒಂದೇ ವಾರದಲ್ಲಿ ಬಂದವು. ನಮ್ಮ ಕೆಡ್ಡಸ ಮನೆಯ ಹಿತ್ತಿಲಿಗೆ ಕುಗ್ಗಿದೆ. ಅವರ ವಿರಾಮಕ್ಕೆ ಒಂದು ದೇಶದ ಸರ್ಕಾರ ತನ್ನ ಬೀಗವನ್ನು ಒದಗಿಸಿದೆ.

ನಗರದೊಳಗೆ ನೋಡುವುದಕ್ಕೆ ಏನೂ ಇಲ್ಲವೆಂದಲ್ಲ. 1525ರ ಜುಲೈ 29ರಂದು ರೋದ್ರಿಗೋ ದೆ ಬಾಸ್ತೀದಾಸ್ ಸ್ಥಾಪಿಸಿದ ಸಾಂತಾ ಮಾರ್ತಾ, ಕೊಲಂಬಿಯಾದಲ್ಲಿ ಸ್ಪೇನಿನವರು ಕಟ್ಟಿ ಇಂದಿಗೂ ಉಳಿದಿರುವ ಊರುಗಳಲ್ಲಿ ಅತ್ಯಂತ ಹಳೆಯದು. ಸಿಮೋನ್ ಬೊಲಿವಾರ್ ತಮ್ಮ 47ನೆಯ ವಯಸ್ಸಿನಲ್ಲಿ, 1830ರ ಡಿಸೆಂಬರ್ 17ರಂದು ಕೊನೆಯುಸಿರೆಳೆದ ಕಬ್ಬಿನ ತೋಟದ ಮನೆ ಊರಂಚಿನಲ್ಲಿದೆ. ಸ್ಪೇನಿನ ಆಳ್ವಿಕೆಯನ್ನು ಕೊನೆಗಾಣಿಸಿದ ಆ ಮನುಷ್ಯನಿಗೆ ಕೊನೆಯ ದಿನಗಳಲ್ಲಿ ಆಶ್ರಯ ಕೊಟ್ಟದ್ದು ಸ್ಪೇನ್ ಮೂಲದವರ ಮನೆ. ಆದರೆ ನಾನು ಮೂರು ಬಾರಿ ಹೋದದ್ದು ಹಳೆಯ ಸುಂಕದ ಕಟ್ಟೆಯ ಕಟ್ಟಡದಲ್ಲಿರುವ, ಈ ಸೀಮೆಯ ಪ್ರಾಚೀನ ಜನರಾದ ತೈರೋನಾರ ಚಿನ್ನದ ವಸ್ತುಸಂಗ್ರಹಾಲಯಕ್ಕೆ. ಚಿನ್ನ ಮತ್ತು ತಾಮ್ರವನ್ನು ಬೆರೆಸಿ, ಮೇಣದ ಅಚ್ಚಿನಲ್ಲಿ ಎರಕಹೊಯ್ದ ಹೆಬ್ಬೆರಳ ಗಾತ್ರದ ಆಕೃತಿಗಳಲ್ಲಿ ಬಾವಲಿ ಮತ್ತು ಮನುಷ್ಯ ಒಂದೇ ಮುಖವಾಗಿವೆ. ಅವುಗಳ ಮುಂದೆ ನಿಂತಾಗ ನನಗೆ ನೆನಪಾದದ್ದು ಎರಡು ಮರದ ಮುಖವಾಡಗಳು. ಜರ್ಮನಿಯ ವಿದ್ವಾಂಸ ಕೊನ್ರಾಟ್ ಪ್ರಾಯ್ಸ್ 1915ರಲ್ಲಿ ಕೋಗಿಯವರ ನಾಡಿನಿಂದ ಪಡೆದು ಬರ್ಲಿನ್ನಿಗೆ ಒಯ್ದ ಅವು, 2023ರಲ್ಲಿ, ನೂರು ವರ್ಷಗಳಿಗೂ ಹೆಚ್ಚು ಕಾಲದ ಬಳಿಕ, ಕೊಲಂಬಿಯಾಕ್ಕೆ ಮರಳಿದವು. ಸಂಗ್ರಹಾಲಯಕ್ಕೆ ಅವು ಕಲಾವಸ್ತುಗಳಾಗಿದ್ದವು. ಕೋಗಿಯವರಿಗೆ ಅವು ಕುಣಿತದಲ್ಲಿ ಧರಿಸುವ, ಜೀವವಿರುವ ಪವಿತ್ರ ವಸ್ತುಗಳು. ನೋಡುವ ಹಕ್ಕು ನನಗಿದೆ ಎಂದು ನಾವು ಎಷ್ಟು ಸುಲಭವಾಗಿ ನಂಬಿಬಿಡುತ್ತೇವೆ ಎಂಬ ಯೋಚನೆ ಅಲ್ಲಿ ನನ್ನನ್ನು ಬಹಳ ಹೊತ್ತು ಕಾಡಿತು.

ಬೆಟ್ಟವನ್ನೂ ಕಡಲನ್ನೂ ಬೇರೆಬೇರೆ ಎಂದು ಎಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆಯೂ ಅಲ್ಲೇ ಹತ್ತಿರದಲ್ಲಿದೆ. ನಗರದ ಪಶ್ಚಿಮಕ್ಕೆ ಬಾರಾಂಕಿಯಾ ಕಡೆಗೆ ಬಸ್ಸಿನಲ್ಲಿ ಹೋದರೆ, ಒಂದು ಕಡೆ ಕಡಲು, ಇನ್ನೊಂದು ಕಡೆ ಸಿಯೆನಗಾ ಗ್ರಾಂದೆ ಎಂಬ ವಿಶಾಲವಾದ ಹಿನ್ನೀರು ಕಾಣಿಸುತ್ತದೆ. ಸಿಯೆರ್ರಾದಿಂದ ಇಳಿಯುವ ಹೊಳೆಗಳ ಸಿಹಿನೀರು ಮತ್ತು ಕಡಲಿನ ಉಪ್ಪುನೀರು ಅಲ್ಲಿ ಬೆರೆಯುತ್ತಿದ್ದವು. 1950ರ ದಶಕದಲ್ಲಿ ಇವೆರಡರ ನಡುವೆ ಹೆದ್ದಾರಿ ಕಟ್ಟುವಾಗ ನೀರಿನ ಹಾದಿಗಳನ್ನು ಮುಚ್ಚಿಬಿಟ್ಟರು. ಮುಂದೆ ಮಾಗ್ದಲೇನಾ ನದಿಯ ಕಡೆಯ ಕಾಲುವೆಗಳಿಗೂ ಅಡ್ಡಗಟ್ಟುಗಳು ಬಂದವು. ಮಣ್ಣಿನಲ್ಲಿ ಉಪ್ಪು ಏರುತ್ತಾ ಹೋಗಿ 1990ರ ದಶಕದ ಹೊತ್ತಿಗೆ ಅಲ್ಲಿನ ಕಾಂಡ್ಲಾ ಕಾಡಿನ ಅರ್ಧದಷ್ಟು ಸತ್ತುಹೋಯಿತು. ಆ ಕಾಡಿನ ಮೀನನ್ನೇ ನಂಬಿ, ನೀರಿನ ಮೇಲೆ ಮರದ ಕಂಬಗಳ ಮನೆ ಕಟ್ಟಿಕೊಂಡಿದ್ದ ಊರುಗಳ ಬದುಕು ಕುಸಿಯಿತು. ಮತ್ತೆ ಕಾಲುವೆಗಳನ್ನು ತೆರೆದ ಮೇಲೆ ಕಾಡು ಭಾಗಶಃ ಚಿಗುರಿದೆ. ಬಸ್ಸಿನ ಕಿಟಕಿಯಿಂದ ಬೂದುಬಣ್ಣದ ಒಣ ಬೊಡ್ಡೆಗಳನ್ನು ನೋಡಿದಾಗ, ಅವರ ಕಪ್ಪು ಗೆರೆಯನ್ನು ಮೂಢನಂಬಿಕೆ ಎನ್ನುವವರನ್ನು ಇಲ್ಲಿಗೆ ಕರೆತರಬೇಕೆನ್ನಿಸಿತು.

ಮುಚ್ಚುವುದರಿಂದ ಕಷ್ಟಪಡುವವರೂ ಇದ್ದಾರೆ, ಅದನ್ನು ಹೇಳದೆ ಹೋಗುವುದು ಅನ್ಯಾಯ. ಉದ್ಯಾನದ ಗೇಟಿನ ಬಳಿ ಹುರಿದ ಮೀನು, ಎಳನೀರು ಮಾರುವವರಿಗೆ, ಕುದುರೆ ನಡೆಸುವವರಿಗೆ, ವಸತಿಗೃಹದ ಕೆಲಸದವರಿಗೆ ವರ್ಷಕ್ಕೆ ಸುಮಾರು ಒಂದೂವರೆ ತಿಂಗಳ ಸಂಪಾದನೆ ಇಲ್ಲವಾಗುತ್ತದೆ. ನಮ್ಮ ಯಜಮಾನಿಗೂ ಆ ಹದಿನೈದು ದಿನ ಅರ್ಧ ಕೋಣೆಗಳು ಖಾಲಿ. ಆದರೂ ಹಸಿ ಬಾಳೆಕಾಯಿಯನ್ನು ಬೇಯಿಸಿ ಅರೆದು, ಮೇಲೆ ಚೀಸ್ ತುರಿದು ಹಾಕಿದ ಕಯೆಯೆಯನ್ನು ಬಡಿಸುತ್ತಾ ಅವರು, ಮುಚ್ಚಿದ ದಿನಗಳಲ್ಲಿ ದುಡಿಮೆಗೆ ಬೇರೆ ದಾರಿ ಮಾಡಿಕೊಡಬೇಕೇ ಹೊರತು ಗೇಟು ತೆರೆಯುವುದು ಪರಿಹಾರವಲ್ಲ ಎಂದರು. ನನ್ನ ಅಭಿಪ್ರಾಯವೂ ಅದೇ. ತಗಾಂಗಾ ಎಂಬ ಮೀನುಗಾರರ ಹಳ್ಳಿಯಲ್ಲಿ ಒಬ್ಬರು, ದೋಣಿಯಲ್ಲಿ ಕಡಲ ಕಡೆಯಿಂದ ಉದ್ಯಾನದ ಕೊಲ್ಲಿಯೊಂದಕ್ಕೆ ಇಳಿಸುತ್ತೇನೆ, ಯಾರೂ ಕೇಳುವುದಿಲ್ಲ ಎಂದು ಕರೆದರು. ಮೊದಲ ದಿನವಾಗಿದ್ದರೆ ಬಹುಶಃ ಹೋಗಿಬಿಡುತ್ತಿದ್ದೆ.

ಇದನ್ನು ಬರೆಯುವಾಗ ನನ್ನ ಮನಸ್ಸಿನಲ್ಲಿ ಕುಮಾರಪರ್ವತವಿದೆ. 2024ರ ಜನವರಿಯ ಕೊನೆಯ ರಜೆಯ ದಿನಗಳಲ್ಲಿ ಅಲ್ಲಿ ನೆರೆದ ಜನಸಂದಣಿಯ ಚಿತ್ರಗಳನ್ನು ನಾವೆಲ್ಲ ನೋಡಿದ್ದೇವೆ. ಅದರ ನಂತರ ಚಾರಣಕ್ಕೆ ಮಿತಿ ಬಂದಾಗ, ನಮ್ಮ ಕಾಡಿಗೆ ಹೋಗಲು ನಮಗೇ ತಡೆಯೇ ಎಂದು ಕೇಳಿದವರಲ್ಲಿ ನನ್ನ ಸ್ನೇಹಿತರೂ ಇದ್ದರು. ಜನರ ಸಂಖ್ಯೆಗೆ ಮಿತಿ ಹಾಕುವುದು ಸರಿಯಾದ ಮೊದಲ ಹೆಜ್ಜೆ ಎಂದೇ ನಾನು ತಿಳಿದಿದ್ದೇನೆ. ಆದರೆ ವರ್ಷದಲ್ಲಿ ಕೆಲವು ದಿನ ಯಾರೂ ಹೋಗದಿರುವುದು ಬೇರೆಯೇ ವಿಷಯ, ಮತ್ತು ಆ ದಿನಗಳು ಯಾವುವೆಂದು ಹೇಳುವ ಅಧಿಕಾರ ಆ ಕಾಡಿನೊಡನೆ ತಲೆಮಾರುಗಳಿಂದ ಬದುಕಿದವರಿಗೆ ಇರಬೇಕು. ನಾಗಬನಕ್ಕೆ ಕೊಡಲಿ ಹಾಕದ, ದೇವರಕಾಡನ್ನು ಉಳಿಸಿಕೊಂಡ ನಾಡಿಗೆ ಇದು ಹೊಸ ವಿಚಾರವಲ್ಲ.

ಸಾಂತಾ ಮಾರ್ತಾಗೆ ಹೋಗಬೇಕೆಂದಿರುವವರಿಗೆ ನನ್ನ ಮನವಿ ಇಷ್ಟೇ: ಟಿಕೆಟ್ ತೆಗೆಯುವ ಮೊದಲು ಉದ್ಯಾನ ಮುಚ್ಚುವ ದಿನಾಂಕಗಳನ್ನು ನೋಡಿಕೊಳ್ಳಿ, ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ ಹತ್ತು ದಿನ ಮುಂಚೆ ಹಾಕಿಸಿಕೊಳ್ಳಿ, ಬಿಳಿ ಹತ್ತಿಬಟ್ಟೆ ಉಟ್ಟ ಕೋಗಿ ಕುಟುಂಬಗಳು ಬಸ್ಸಿನಲ್ಲಿ ಎದುರಾದಾಗ ಕೇಳದೆ ಚಿತ್ರ ತೆಗೆಯಬೇಡಿ. ಉದ್ಯಾನ ಮುಚ್ಚಿದ್ದರೂ ಮಿಂಕಾ ಎಂಬ ಬೆಟ್ಟದ ಹಳ್ಳಿಯ ಕಾಫಿ ತೋಟಗಳಲ್ಲಿ ಎರಡು ದಿನ ಸಂತೋಷವಾಗಿ ಕಳೆಯಬಹುದು. ಮರದ ನೆರಳಿನಲ್ಲಿ ಬೆಳೆಯುವ ಕಾಫಿಯನ್ನು ನೋಡಿ ನನ್ನ ಪತ್ನಿಗೆ ತನ್ನ ತವರು ಮೂಡಿಗೆರೆ ನೆನಪಾಯಿತು. ನಾವು ಹದಿನಾಲ್ಕರಂದು ಅಲ್ಲಿಂದ ಹೊರಟೆವು. ಉದ್ಯಾನ ಹದಿನಾರರಂದು ತೆರೆಯಿತು.