ಮುಖ ನೋಡಿ ಮಣೆ

ಜನರು ಸೇವೆಯನ್ನು ನೋಡುವ ಮೊದಲೇ ಜಾಲತಾಣದ ಮುಖ ನೋಡಿ ಮಣೆ ಹಾಕುತ್ತಾರೆಂಬುದನ್ನು ಸಂಶೋಧಕರು ಶ್ರಮಪಟ್ಟು ಕಂಡುಹಿಡಿದಿದ್ದಾರೆ. ಪುಟವೊಂದು ಕಣ್ಣಿಗೆ ಹಿಡಿಸಿತೋ ಇಲ್ಲವೋ ಎಂಬುದು 50 ಮಿಲಿಸೆಕೆಂಡುಗಳಲ್ಲಿ ತೀರ್ಮಾನವಾಗಿಬಿಡುತ್ತದೆಂದು ಕೆನಡಾದ ಲಿಂಡ್‌ಗಾರ್ಡ್ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದರು. ಕಾಸರಗೋಡಿನವರು ಅಷ್ಟು ಆತುರಗಾರರಲ್ಲ. ಇಲ್ಲಿ ಇಲಾಖೆಯ ಪುಟ ತೆರೆಯಹೊರಟರೆ ಆ ಅವಧಿಯಲ್ಲಿ ಪರದೆಯ ಮೇಲಿನ ಚಕ್ರ ಅರ್ಧ ಸುತ್ತನ್ನೂ ಮುಗಿಸಿರುವುದಿಲ್ಲವಾದ್ದರಿಂದ, ನಮ್ಮ ಅಭಿಪ್ರಾಯವೆಲ್ಲ ಚಕ್ರದ ಕುರಿತೇ ರೂಪುಗೊಳ್ಳುತ್ತದೆ.

ಚಕ್ರ ನಿಂತ ಮೇಲೆ ಕನ್ನಡಿಗರ ಪರೀಕ್ಷೆ ಆರಂಭವಾಗುತ್ತದೆ. ಭಾಷಾ ಅಲ್ಪಸಂಖ್ಯಾತರಾದ ನಮಗೆ ಸರಕಾರಕ್ಕೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಕೊಟ್ಟಿದೆ. ಪಾಪ, ಕಾಯಿದೆ ಬರೆದವರಿಗೆ, ನಾವು ಯಂತ್ರವಲ್ಲವೆಂದು ಸಾಬೀತುಪಡಿಸಲು ಪುಟವು ಒಡ್ಡುವ ಕ್ಯಾಪ್ಚಾ ಎಂಬ ಒಗಟು ಗೊತ್ತಿರಲಿಲ್ಲ. ಕನ್ನಡದಲ್ಲಿ ತುಂಬಿದ ಹೆಸರು ಅಮಾನ್ಯವೆಂಬುದನ್ನು ಪುಟವು ಮಲಯಾಳಂ ಓದಲಾರದ ಪೆರ್ಲದ ಅಡಿಕೆ ಕೃಷಿಕರಿಗೆ ಮಲಯಾಳಂನಲ್ಲೇ ತಿಳಿಸಿ, ಜಾಗದ ದಾಖಲೆಯನ್ನು 100 ಕೆಬಿಗೆ ಕುಗ್ಗಿಸಿ ತರುವಂತೆ ಆಜ್ಞಾಪಿಸುತ್ತದೆ. ಹಾಗೆ ಕುಗ್ಗಿಸಿದ ದಾಖಲೆಯಲ್ಲಿ ಸರ್ವೆ ನಂಬ್ರ ಕಾಣುವುದಿಲ್ಲವೆಂದು ಅರ್ಜಿ ತಿರಸ್ಕೃತವಾಗುವುದು ಮುಂದಿನ ಹಂತ. ಉಪಯುಕ್ತವೆಂದೂ ಸುಲಭವೆಂದೂ ಅನ್ನಿಸಿದರೆ ಜನ ತಂತ್ರಜ್ಞಾನವನ್ನು ಒಪ್ಪುತ್ತಾರೆಂದು ಅಮೆರಿಕದ ಸಂಶೋಧಕ ಫ್ರೆಡ್ ಡೇವಿಸ್ 1989ರಲ್ಲೇ ಬರೆದಿದ್ದರು. ಇಲಾಖೆಗೆ ಆ ಪ್ರಬಂಧದ ಪ್ರತಿ ಇನ್ನೂ ತಲುಪಿದಂತಿಲ್ಲ.

ವಂಚಕರು ಮಾತ್ರ ಓದಿಕೊಂಡವರಂತೆ ಕಾಣುತ್ತಾರೆ. ವಿದ್ಯುತ್ ಬಿಲ್ಲು ಕಟ್ಟಿಸಿಕೊಳ್ಳುವ ಅವರ ನಕಲಿ ಪುಟ ಥಟ್ಟನೆ ತೆರೆದುಕೊಂಡು, ತಪ್ಪಿಲ್ಲದ ಕನ್ನಡದಲ್ಲಿ ಸ್ವಾಗತ ಕೋರಿ, ಏನನ್ನೂ ಕುಗ್ಗಿಸಲು ಹೇಳದೆ ಹಣ ಸ್ವೀಕರಿಸುತ್ತದೆ. ವಿಳಾಸದ ಪಕ್ಕದಲ್ಲಿ ಬೀಗದ ಚಿಹ್ನೆಯೂ ಇರುತ್ತಿತ್ತು. ಆ ಬೀಗ ಹೇಳುತ್ತಿದ್ದುದು ಮಾಹಿತಿಯನ್ನು ದಾರಿಯಲ್ಲಿ ಯಾರೂ ಕದ್ದು ಓದಲಾರರೆಂದಷ್ಟೇ, ಅದು ತಲುಪುವ ಮನೆ ಕಳ್ಳನದಲ್ಲವೆಂದಲ್ಲ. ಜನ ಅದನ್ನು ಪ್ರಾಮಾಣಿಕತೆಯ ಮುದ್ರೆಯೆಂದು ನಂಬುವುದನ್ನು ಕಂಡ ಗೂಗಲ್, 2023ರಲ್ಲಿ ಕ್ರೋಮ್‌ನ ವಿಳಾಸಪಟ್ಟಿಯಿಂದ ಬೀಗವನ್ನೇ ತೆಗೆಯಿತು. ಹೀಗೆ ಅಸಲಿಯನ್ನು ಕಂಡರೆ ವಂಚನೆಯೆಂದು ಹೆದರುವ, ನಕಲಿಯನ್ನು ಕಂಡರೆ ಸರಕಾರ ಕೊನೆಗೂ ಸುಧಾರಿಸಿತೆಂದು ಸಂತೋಷಪಡುವ ನಾಗರಿಕರು ಸಿದ್ಧವಾಗಿದ್ದಾರೆ.

ಉಳಿದವರು, ಸರಕಾರಿ ಅರ್ಜಿಗಳನ್ನು ಆನ್‌ಲೈನ್‌ನಲ್ಲಿ ತುಂಬಿಕೊಡುವ ಅಕ್ಷಯ ಕೇಂದ್ರದ ಸಾಲಿನಲ್ಲಿ ನಿಲ್ಲುತ್ತಾರೆ. ಮನೆಗೊಬ್ಬರಿಗಾದರೂ ಕಂಪ್ಯೂಟರ್ ಕಲಿಸಬೇಕೆಂದು 2002ರಲ್ಲಿ ಮಲಪ್ಪುರಂನಲ್ಲಿ ಆರಂಭವಾದ ಆ ಯೋಜನೆ, ಈಗ ಮನೆಮಂದಿಯ ಪರವಾಗಿ ತಾನೇ ಕೀಲಿ ಒತ್ತುತ್ತಿದೆ. ಅಲ್ಲಿ ಒತ್ತಿದ್ದೆಲ್ಲವೂ ಲೆಕ್ಕದಲ್ಲಿ ಆನ್‌ಲೈನ್ ಅರ್ಜಿಯೇ ಆಗಿರುವುದರಿಂದ, ಜನ ಪುಟವನ್ನು ಉತ್ಸಾಹದಿಂದ ಬಳಸುತ್ತಿದ್ದಾರೆಂದೂ ಬದಲಾವಣೆಯ ಅಗತ್ಯವಿಲ್ಲವೆಂದೂ ಕಡತದಲ್ಲಿ ಬರೆಯಲು ಯಾವ ಅಡ್ಡಿಯೂ ಇಲ್ಲ.