ಚಕ್ರದ ಮೇಲೆ ಮನೆ, ಹೊಳೆಯ ಪಾಲಿಗೆ ಬಚ್ಚಲು

ಮತ್ತೆ ಅದೇ ವಿಡಿಯೊ ಓಡಾಡುತ್ತಿದೆ. ಹೊಳೆದಂಡೆಯಲ್ಲಿ ಬಿಳಿ ಕ್ಯಾರವಾನ್, ಪಕ್ಕದಲ್ಲಿ ಎರಡು ಮಡಚುವ ಕುರ್ಚಿ, ಹಿಂದೆ ಮಂಜು, ಮುಂದೆ ಕಾಫಿ ಲೋಟ, ಹಿನ್ನೆಲೆಯಲ್ಲಿ ಕೊಳಲು. ಪ್ರಕೃತಿಯ ಮಡಿಲಲ್ಲಿ ನಿಮ್ಮದೇ ಮನೆಯಂತೆ. ಆ ಮಡಿಲಲ್ಲಿ ಶನಿವಾರ ಪಾರ್ಕಿಂಗ್ ಸಿಗುವುದಿಲ್ಲ ಅನ್ನುವುದನ್ನು ಮಾತ್ರ ಯಾರೂ ಬಾಯಿಬಿಡುವುದಿಲ್ಲ.

ಸರ್ಕಾರದ ದೂರದೃಷ್ಟಿ ಮೆಚ್ಚಲೇಬೇಕು. 2020ರ ಪ್ರವಾಸೋದ್ಯಮ ನೀತಿಯಲ್ಲೇ ಕ್ಯಾರವಾನ್ ಬಂದು ಕೂತಿದೆ. ಘಾಟಿ ರಸ್ತೆಗಳು ಆ ನೀತಿಯನ್ನು ಇನ್ನೂ ಓದಿಲ್ಲ, ಅಷ್ಟೆ.

ಇಲ್ಲಿ ಬಾಡಿಗೆಗೆ ಸಿಗುವ ಬಹುತೇಕ ಕ್ಯಾರವಾನ್ ಅಂದರೆ ಟೆಂಪೊ ಟ್ರಾವೆಲರ್‌ನ ಸೀಟು ಕಿತ್ತು ಮಂಚ, ಒಲೆ, ಕಕ್ಕಸು ಕೂರಿಸಿದ ಗಾಡಿ. ಉದ್ದ ಏಳು ಮೀಟರಿನ ಆಸುಪಾಸು, ನೆತ್ತಿಯ ಮೇಲೆ ಎಸಿ ಪೆಟ್ಟಿಗೆ ಬೇರೆ. ತೂಕ 7,500 ಕಿಲೋ ಮೀರದಿದ್ದರೆ ಕಾನೂನಿನ ಕಣ್ಣಿಗೆ ಅದು ಲಘು ವಾಹನ. ಕಾರಿನ ಲೈಸೆನ್ಸ್ ಇದ್ದವರು ಅಷ್ಟು ತೂಕದ ಸಾರಿಗೆ ವಾಹನವನ್ನೂ ಓಡಿಸಬಹುದು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆಗುಂಬೆಯ 14 ತಿರುವುಗಳಿಗೆ ಆ ತೀರ್ಪಿನ ಪ್ರತಿ ತಲುಪಿದಂತಿಲ್ಲ.

ಹಿಂದಿನ ಚಕ್ರದಿಂದಾಚೆ ಚಾಚಿಕೊಂಡ ಬಾಲ ಇದೆಯಲ್ಲ, ಮೂತಿ ಬಲಕ್ಕೆ ತಿರುಗಿದರೆ ಅದು ಎಡಕ್ಕೆ ಬೀಸುತ್ತದೆ. ತಡೆಗೋಡೆಗೆ ಬಡಿಯುವುದು ಅದೇ. ಒಂದೇ ಏಟಿಗೆ ತಿರುಗದಿದ್ದರೆ ಹಿಂದಕ್ಕೆ ತೆಗೆಯಬೇಕು. ಹಿಂದೆ ಬಂಪರಿಗೆ ಮೂಗು ತಾಗಿಸಿಕೊಂಡು ಮಿನಿಬಸ್ಸು ನಿಂತಿರುತ್ತದೆ. ಇಳಿಜಾರಿನಲ್ಲಿ ಎರಡನೇ ಗೇರಿಗೆ ಹಾಕದೆ ಬರೀ ಬ್ರೇಕ್ ತುಳಿಯುತ್ತ ಬಂದರೆ ಅರ್ಧ ಘಾಟಿಗೆಲ್ಲ ಸುಟ್ಟ ವಾಸನೆ, ಆಮೇಲೆ ಪೆಡಲ್ ಎಷ್ಟು ಒತ್ತಿದರೂ ಗಾಡಿ ಮಾತು ಕೇಳುವುದಿಲ್ಲ. ನೀರಿನ ಟ್ಯಾಂಕ್ ಅರ್ಧ ತುಂಬಿದ್ದರೆ ಇನ್ನೂ ಸೊಗಸು: ತಿರುವಿಗೊಮ್ಮೆ ಐವತ್ತು ಕಿಲೋ ನೀರು ಈ ಮಗ್ಗುಲಿಂದ ಆ ಮಗ್ಗುಲಿಗೆ ಹೊರಳುತ್ತದೆ. ಘಾಟಿ ಹತ್ತುವ ಮುಂಚೆ ಪೂರ್ತಿ ತುಂಬಿಸಿ, ಇಲ್ಲವೇ ಖಾಲಿ ಮಾಡಿ ಎಂದು ಬಾಡಿಗೆ ಕೊಡುವವರು ಹೇಳಬೇಕಿತ್ತು. ಅವರು ವೈಫೈ ಪಾಸ್‌ವರ್ಡ್ ಹೇಳಿ ಕಳಿಸುತ್ತಾರೆ.

ಮಲೆನಾಡಿಗೆ ಎಸಿ ಯಾಕೆ ಎಂದು ಕೇಳಬಾರದು, ಕೊಟ್ಟ ದುಡ್ಡಿಗೆ ಓಡಬೇಕು. ಲೆಕ್ಕ ಸರಳ. 12 ವೋಲ್ಟಿನ 200 ಆಂಪಿಯರ್-ಅವರ್ ಬ್ಯಾಟರಿ ಅಂದರೆ ಹೆಚ್ಚೂಕಡಿಮೆ ಎರಡೂವರೆ ಯೂನಿಟ್. ಒಂದು ಕಿಲೋವಾಟ್ ಎಳೆಯುವ ಎಸಿ ಎರಡು ಗಂಟೆಯಲ್ಲಿ ಅದನ್ನು ನೆಕ್ಕಿ ಮುಗಿಸುತ್ತದೆ. ಚಾವಣಿಯಲ್ಲಿ ಸೋಲಾರ್ ಇದೆ, ನಿಜ. ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರಿನಲ್ಲಿ ಆಷಾಢದ ಸೂರ್ಯನನ್ನು ಎಲ್ಲಿಂದ ಹಿಡಿದು ತರೋಣ? ಹಾಗಾಗಿ ರಾತ್ರಿಯಿಡೀ ಜನರೇಟರ್. ಕಾಡಿನ ನಿಶ್ಶಬ್ದ ಅನುಭವಿಸಲು ಬಂದವರು ಅದನ್ನು ಡೀಸೆಲ್ ಹೊಗೆಯ ಜೊತೆ ಅನುಭವಿಸುತ್ತಾರೆ. ಇಂಡಕ್ಷನ್ ಒಲೆಯ ಗುಂಡಿ ಒತ್ತಿದರೆ ಇನ್ವರ್ಟರ್ ಟ್ರಿಪ್. ಕೊನೆಗೆ ಇಡೀ ಅಡುಗೆಮನೆಯನ್ನು ರಸ್ತೆ ಬದಿ ನಿಲ್ಲಿಸಿ ಕೊಟ್ಟಿಗೆಹಾರದಲ್ಲಿ ನೀರ್ದೋಸೆ ತಿನ್ನುವುದು. ಅದೊಂದು ಒಳ್ಳೆಯ ಕೆಲಸ, ನೀರ್ದೋಸೆಯ ಬಗ್ಗೆ ತಕರಾರಿಲ್ಲ.

ತಕರಾರು ತಿಂದ ಮೇಲಿನದು.

ಗಾಡಿಯ ಕಕ್ಕಸಿನ ಕೆಳಗೆ ಸೂಟ್‌ಕೇಸಿನಂಥ ಒಂದು ಪೆಟ್ಟಿಗೆ ಇರುತ್ತದೆ, ಕ್ಯಾಸೆಟ್ ಅನ್ನುತ್ತಾರೆ. ಹಿಡಿಯುವುದು ಇಪ್ಪತ್ತು ಲೀಟರಿನಷ್ಟು. ನಾಲ್ಕು ಜನ ಇದ್ದರೆ ಎರಡನೇ ದಿನಕ್ಕೆ ಕೆಂಪು ದೀಪ. ವಾಸನೆ ಬಾರದಿರಲಿ ಎಂದು ಒಳಗೆ ನೀಲಿ ದ್ರಾವಣ ಸುರಿದಿರುತ್ತಾರೆ. ಕೆಲವು ದ್ರಾವಣಗಳಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ಅದನ್ನು ಹೋಮ್‌ಸ್ಟೇಯ ಗುಂಡಿಗೆ ಸುರಿದರೆ ಕಸ ಕೊಳೆಯಿಸುವ ಬ್ಯಾಕ್ಟೀರಿಯಾವೇ ಸತ್ತು ಗುಂಡಿ ಕಟ್ಟುತ್ತದೆ. ಅದಕ್ಕೇ ಹೋಮ್‌ಸ್ಟೇಯವರು ಬೇಡಪ್ಪ ಅನ್ನುವುದು. ಸ್ನಾನದ ನೀರು, ಕೋಳಿಸಾರಿನ ಪಾತ್ರೆ ತೊಳೆದ ನೀರು ಬೇರೆ ಟ್ಯಾಂಕಿನಲ್ಲಿ. ಅದರ ನಲ್ಲಿ ಗಾಡಿಯ ಹೊಟ್ಟೆಯ ಕೆಳಗೆ ಇರುವುದರಿಂದ ತಿರುಗಿಸಿದ್ದು ಯಾರಿಗೂ ಕಾಣುವುದಿಲ್ಲ. ಇನ್ನು ಕ್ಯಾಸೆಟ್ಟು? ಕತ್ತಲಾಗುತ್ತದೆ, ಸೇತುವೆ ಸಿಗುತ್ತದೆ, ಕೆಳಗೆ ಹೇಮಾವತಿ ಹರಿಯುತ್ತಿರುತ್ತದೆ.

ಮಲೆನಾಡಿನವರು ಚೆಂಬು ಹಿಡಿದು ಹೊಳೆಯಿಂದ ದೂರ ಹೋಗುತ್ತಿದ್ದರು. ಲಕ್ಷಗಟ್ಟಲೆ ಸುರಿದು ಕಟ್ಟಿದ ಗಾಡಿ ಹೊಳೆಯನ್ನೇ ಹುಡುಕಿಕೊಂಡು ಬರುತ್ತದೆ. ಇದಕ್ಕೆ ಪ್ರಗತಿ ಅನ್ನದೆ ಇನ್ನೇನೆನ್ನಲಿ?

ಬೆಂಗಳೂರಿನವರು ಈ ಹೊಳೆಯ ದಾರಿ ಸ್ವಲ್ಪ ನೋಡಿಕೊಳ್ಳಲಿ. ಬಲ್ಲಾಳರಾಯನ ದುರ್ಗದ ಬಳಿ ಹುಟ್ಟಿ, ಸಕಲೇಶಪುರ ದಾಟಿ, ಗೊರೂರಿನಲ್ಲಿ ನಿಂತು, ಕೆಆರ್‌ಎಸ್ ಹಿನ್ನೀರಿನಲ್ಲಿ ಕಾವೇರಿ ಸೇರುತ್ತದೆ. ಅಲ್ಲಿಂದ ಕೆಳಗೆ ತೊರೆಕಾಡನಹಳ್ಳಿಯಲ್ಲಿ ನೀರು ಶುದ್ಧಿಯಾಗಿ, ಮೂರು ಹಂತದಲ್ಲಿ ಪಂಪಾಗಿ, ನೂರು ಕಿಲೋಮೀಟರ್ ನಡೆದು ನಿಮ್ಮ ಸಂಪಿಗೆ ಬರುತ್ತದೆ. ನೀವು ಬಿಟ್ಟುಬಂದ ನೀರೇ ಹಿಂದಿನಿಂದ ನಡೆದುಕೊಂಡು ಬರುತ್ತದೆ, ಸ್ವಲ್ಪ ತಡವಾಗಿ.

ನಿಮಗಾದರೆ ಶುದ್ಧೀಕರಿಸಿ ಕೊಡುತ್ತಾರೆ. ಸೇತುವೆಯಿಂದ ಅರ್ಧ ಫರ್ಲಾಂಗ್ ಕೆಳಗೆ ಹೊಳೆಗೆ ಮೋಟಾರು ಇಟ್ಟುಕೊಂಡ ಮನೆಯವರಿಗೆ ಯಾರೂ ಶುದ್ಧೀಕರಿಸಿ ಕೊಡುವುದಿಲ್ಲ. ಅವರು ಬೆಳಿಗ್ಗೆ ಅದರಲ್ಲೇ ಮುಖ ತೊಳೆಯುತ್ತಾರೆ. ಇದರಲ್ಲಿ ತಮಾಷೆ ಮಾಡಲು ಏನೂ ಇಲ್ಲ, ಹೊಲಸು ಕೆಲಸ.

ಈ ಕ್ಯಾಸೆಟ್ಟು, ಟ್ಯಾಂಕು ಖಾಲಿ ಮಾಡಲು ಬೇಕಾಗಿರುವುದು ಹೆಚ್ಚೇನಿಲ್ಲ. ನಡುವಿಗೆ ಇಳಿಜಾರಾಗಿ ಹಾಕಿದ ಒಂದು ಕಾಂಕ್ರೀಟು ಚಪ್ಪಡಿ, ನಡುವೆ ಮುಚ್ಚಳವಿರುವ ನಾಲ್ಕಿಂಚಿನ ಪೈಪು, ಅದರಡಿ ಎರಡು ಕೋಣೆಯ ಸೆಪ್ಟಿಕ್ ಟ್ಯಾಂಕು, ತೊಳೆಯಲು ಒಂದು ನಲ್ಲಿ, ಆಗಾಗ ಎತ್ತಲು ಒಂದು ಸಕ್ಕಿಂಗ್ ಗಾಡಿ. ಬಸ್ ನಿಲ್ದಾಣದ ಪಕ್ಕ ಎರಡು ಕಾರು ನಿಲ್ಲಿಸುವಷ್ಟು ಜಾಗ ಸಾಕು. ಕಷ್ಟ ಇರುವುದು ಬೇರೆ ಕಡೆ. ವ್ಯೂ ಪಾಯಿಂಟಿನಲ್ಲಿ ಊರ ಹೆಸರಿನ ಮುಂದೆ ಕೆಂಪು ಹೃದಯ ನಿಲ್ಲಿಸಿದರೆ ಸಾಹೇಬರು ಬಂದು ಟೇಪು ಕತ್ತರಿಸುತ್ತಾರೆ, ಫೋಟೊ ಆಗುತ್ತದೆ. ನಾಲ್ಕಿಂಚಿನ ಪೈಪಿನ ಮುಂದೆ ಯಾವ ಸಾಹೇಬರನ್ನು ನಿಲ್ಲಿಸುವುದು, ಶಾಲು ಯಾರಿಗೆ ಹೊದಿಸುವುದು, ಮುಚ್ಚಳ ತೆಗೆದು ತೋರಿಸುವವರು ಯಾರು?